ಮುಖ ನೋಡಿ ಓದಿದವಳು

ಬಾವಿಯ ಚಿತ್ರದ ಮೇಲೆ ಮಂಜುಳಾ ಒಂದು ಕಾಗದದ ತುಂಡು ಅಂಟಿಸಿದಳು. ಪುಟ ತಿರುವಿ ಆಡಿನ ಮರಿಯ ಮೇಲೆ ಇನ್ನೊಂದು ಮೆತ್ತಿದಳು. ಮರಿಯ ಒಂದು ಕಿವಿ ಹೊರಗೇ ಉಳಿಯಿತು. ನೋಟುಬುಕ್ಕಿನ ಖಾಲಿ ಹಾಳೆಯಿಂದ ಇನ್ನೊಂದು ಚೂರು ಹರಿದು, ಮೈದಾ ಹಿಟ್ಟಿನ ಅಂಟಿನಲ್ಲಿ ಬೆರಳು ಅದ್ದಿ, ಆ ಕಿವಿಯನ್ನೂ ಒತ್ತಿ ಹಿಡಿದಳು. ಉಸಿರು ಕಟ್ಟಿಸುವ ಹಾಗೆ ಒತ್ತಿದಳು.

ಗೋಡೆಗೆ ಬೆನ್ನು ಹಚ್ಚಿ ಕೂತಿದ್ದ ನೀಲಾ ಇಣುಕಿ ನೋಡಿದಳು. ಅವಳಿಗೆ ಆರು ವರ್ಷ.

"ಮರಿ ಸತ್ತ್ ಹೋತೇನವ್ವಾ?"

"ಸತ್ತಿಲ್ಲ. ಮುಚ್ಚೇನಿ ಅಷ್ಟ."

"ಯಾಕ?"

"ನಿನ್ನ ಸಲುವಾಗಿ."

ಹಿಂಡಿಯ ಬಕೆಟ್ಟು ಹಿಡಿದುಕೊಂಡು ಕುರಿಗಳ ಹಟ್ಟಿಯ ಕಡೆ ಹೊರಟಿದ್ದ ಅತ್ತೆ ಬಾಯವ್ವ ಬಾಗಿಲಲ್ಲೇ ನಿಂತಳು. ಸೊಸೆಯ ಕೈ ನೋಡಿದಳು, ಪುಸ್ತಕ ನೋಡಿದಳು.

"ಅಲ್ಲ ಮಂಜವ್ವಾ, ಪುಸ್ತಕದ ಕಣ್ಣ ಯಾಕ ಕಟ್ಟಾಕತ್ತಿ?"

"ಕಣ್ಣಿದ್ದಿದ್ದಕ್ಕ ನನಗ ಮೋಸ ಮಾಡೇತ್ರಿ ಅತ್ತಿ."

"ಪುಸ್ತಕ ಮೋಸ ಮಾಡ್ತೈತೇನ ಎಲ್ಲೆರ? ಮಾಡಿದ್ರ ಓದೂ ಮಂದಿ ಮಾಡಬೇಕು," ಎಂದು ಬಾಯವ್ವ ತನ್ನ ದಾರಿ ಹಿಡಿದಳು. ಆ ಮುದುಕಿ ಹುಟ್ಟಿದಾಗಿನಿಂದ ಒಂದಕ್ಷರ ಓದಿದವಳಲ್ಲ. ಹೆಬ್ಬೆಟ್ಟು ಒತ್ತಿ ಒತ್ತಿ ಬೆರಳಿನ ಗೆರೆಯೇ ಸವೆದಿತ್ತು. ಅಂಥವಳ ಬಾಯಲ್ಲೂ ಮಾತು ಕೇಳಬೇಕಾಯಿತಲ್ಲ ಎಂದು ಮಂಜುಳಾ ಹಲ್ಲು ಕಡಿದಳು.

ಸಿಟ್ಟು ಇವತ್ತಿನದಲ್ಲ. ಹಿಂದಿನ ನವೆಂಬರಿನದು.

ಆಗ ನೀಲಾ ಯರಗಟ್ಟಿಯ ಇಂಗ್ಲಿಷ್ ಮೀಡಿಯಂ ಸಾಲೆಗೆ ಹೋಗುತ್ತಿದ್ದಳು. ಮುನವಳ್ಳಿಯ ಆಚೆ ಇರುವ ಈ ಊರಿಗೆ ಸಾಲೆಯ ಹಳದಿ ಗಾಡಿ ದಿನಾ ಬರುತ್ತಿತ್ತು. ಒಂದು ಸಂಜೆ ಗಾಡಿ ನಿಂತಾಗ ಒಳಗಿದ್ದ ಹುಡುಗರೆಲ್ಲ ಕಿಟಕಿಗೆ ಜೋತುಬಿದ್ದು ನಗುತ್ತಿದ್ದರು. ನೀಲಾ ಇಳಿದವಳೇ ಓಡಿ ಬಂದು ತಾಯಿಗೆ ಬೆನ್ನು ತಿರುಗಿಸಿ ನಿಂತಳು. "ಅವ್ವಾ, ನನಗೂ ಹಚ್ಯಾರ ನೋಡ!" ಶಾಣ್ಯಾ ಹುಡುಗರ ಅಂಗಿಗೆ ಟೀಚರು ನಕ್ಷತ್ರ ಹಚ್ಚುವುದನ್ನು ಅವಳು ಆರು ತಿಂಗಳಿಂದ ನೋಡುತ್ತ ಬಂದಿದ್ದಳು. ತನಗೂ ಒಂದು ಸಿಕ್ಕಿತೆಂದು ಆ ಕೂಸು ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿತ್ತು. ಪಿನ್ನು ಚುಚ್ಚಿದ ಕೆಂಪು ಕಾಗದದ ಮೇಲೆ ದಪ್ಪ ಪೆನ್ನಿನಿಂದ ಬರೆದಿತ್ತು: ನಾನು ಕತ್ತೆ.

"ಏನ್ ಬರದಾರವ್ವಾ?"

ಮಂಜುಳಾ ಪಿನ್ನು ಬಿಚ್ಚಿದಳು. "ಶಾಣ್ಯಾಕಿ ಅಂತ ಬರದಾರ," ಎಂದಳು.

ಮರುದಿನದಿಂದ ನೀಲಾ ಸಾಲೆಗೆ ಹೋಗಲಿಲ್ಲ. ಮಂಜುಳಾ ಆ ಕಾಗದ ಹಿಡಿದುಕೊಂಡು ಬಸ್ಸು ಹತ್ತಿ ಸವದತ್ತಿಗೆ ಹೋಗಿ, ಓದಲು ಬಾರದ್ದಕ್ಕೆ ಟೀಚರು ಹೀಗೆ ಮಾಡಿದರೆಂದು ಶಿಕ್ಷಣ ಕಚೇರಿಯಲ್ಲಿ ದೂರು ಕೊಟ್ಟು ಬಂದಳು. ಡಿ.ಎಡ್. ಮುಗಿಸಿ ಏಳು ವರ್ಷವಾಗಿತ್ತು. ನೌಕರಿ ಸಿಕ್ಕಿರಲಿಲ್ಲ, ಪ್ರಮಾಣಪತ್ರ ಟ್ರಂಕಿನ ತಳದಲ್ಲಿ ಸೀರೆಗಳ ಕೆಳಗಿತ್ತು. "ನನ್ನ ಮಗಳಿಗೆ ನಾನ ಕಲಸ್ತೇನಿ" ಎಂದು ಗಂಡನ ಎದುರು ನಿಂತು ಹೇಳಿದಳು.

ಗಂಡ ಭೀಮಶಿ ಗೂಡ್ಸ್ ಗಾಡಿ ಓಡಿಸುತ್ತಿದ್ದ. ಹಳ್ಳಿಗಳಿಂದ ಗೋವಿನಜೋಳ, ಹತ್ತಿ, ಉಳ್ಳಾಗಡ್ಡಿ ಹೇರಿಕೊಂಡು ಯರಗಟ್ಟಿ ಪೇಟೆಗೆ ಒಯ್ಯುವುದು ಅವನ ಕೆಲಸ. ಅವನಿಗೆ ಹೆಚ್ಚಿನ ಬಾಡಿಗೆ ಕೊಡಿಸುತ್ತಿದ್ದವನು ಪೇಟೆಯ ದಲಾಲಿ ಕಾಡಪ್ಪ. ಆ ಸಾಲೆಯ ಚೇರ್ಮನ್ನನೂ ಅದೇ ಕಾಡಪ್ಪ. ಹೀಗಾಗಿ ಭೀಮಶಿಗೆ ಹೆಂಡತಿಯ ದೂರು ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ತಿಂಗಳುಗಟ್ಟಲೆ ಜಗಳವಾಡಿ ಕೊನೆಗೆ ಒಂದು ಕರಾರಿಗೆ ಬಂದಿದ್ದ.

"ಜೂನ್ ತಿಂಗಳಾಗ ಸಾಲಿ ಚಾಲೂ ಆಗೂದ್ರೊಳಗ ಹುಡಿಗಿ ಒಂದು ಪುಸ್ತಕ ಓದಿ ತೋರಿಸಿದ್ಲು ಅಂದ್ರ ಮನ್ಯಾಗ ಇರ್ಲಿ, ನೀನ ಕಲಸು. ಓದಲಿಲ್ಲಂದ್ರ ಬಾಯಿ ಮುಚ್ಚಿಕೊಂಡು ಯರಗಟ್ಟಿಗೆ ಕಳಸಬೇಕು. ಆಮ್ಯಾಲ ಹಂಗ ಅಲ್ಲ, ಅನ್ಯಾಯ ಆತು ಅನ್ನಬಾರದು."

"ಆತ್ರಿ," ಎಂದಿದ್ದಳು ಮಂಜುಳಾ.

ಅವಳು ದಾರಿ ತಪ್ಪದೆ ಕಲಿಸಿದ್ದಳು. ಮೊದಲು ಸದ್ದು, ಆಮೇಲೆ ಅಕ್ಷರ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆದು ಅದರ ಮೇಲೆ ಮಗಳನ್ನು ನಡೆಸಿದಳು. ಗೋಡೆಯ ತುಂಬ ರಟ್ಟಿನ ಚೀಟಿ ತೂಗುಹಾಕಿದಳು. ಕಾಗುಣಿತ ಬಂತು, ಎರಡು ಸದ್ದು ಕೂಡಿಸುವುದು ಬಂತು, ಯುಗಾದಿ ಹೊತ್ತಿಗೆ ಸುಲಭದ ಒತ್ತಕ್ಷರಗಳೂ ಬಂದವು. ಯಾವ ಚೀಟಿ ಎತ್ತಿ ತೋರಿಸಿದರೂ ನೀಲಾ ಟಪ್ಪಂತ ಹೇಳುತ್ತಿದ್ದಳು. ಆಮೇಲೆ ಸವದತ್ತಿಯ ಪೇಟೆಯಿಂದ ಹನ್ನೆರಡು ಪುಟದ ಪುಸ್ತಕ ತಂದಳು. ಪುಟಕ್ಕೊಂದು ಚಿತ್ರ, ಚಿತ್ರದ ಕೆಳಗೆ ಒಂದು ಸಾಲು. ಆಡಿನ ಮರಿಯೊಂದು ಬಾವಿಯಲ್ಲಿ ಇಣುಕಿ ತನ್ನ ನೆರಳನ್ನು ಕಂಡು ಹೆದರುವ ಕತೆ. ಎರಡು ಸಲ ಜೊತೆಗೆ ಓದಿಸಿದಳು. ಮೂರನೆಯ ದಿನ ನೀಲಾ ಒಬ್ಬಳೇ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲೂ ತಡವರಿಸದೆ ಓದಿಬಿಟ್ಟಳು.

ಮಂಜುಳಾ ಕುಣಿದುಬಿಟ್ಟಳು. ಗಂಡನಿಗೆ ಫೋನು ಮಾಡಿದಳು. ಮುನವಳ್ಳಿಯಿಂದ ಪೇಢೆ ತರಿಸಿ ಓಣಿಯ ತುಂಬ ಹಂಚಿದಳು. ಭೀಮಶಿಯೂ ಹಿಗ್ಗಿ ಕಾಡಪ್ಪನ ಮುಂದೆ ಹೇಳಿಕೊಂಡ. "ಹೌದಾ? ಹಂಗಿದ್ರ ರವಿವಾರ ನಾನ ಬಂದು ಕೇಳತೇನಿ" ಎಂದಿದ್ದ ಕಾಡಪ್ಪ.

ನಿನ್ನೆ ಗುರುವಾರ, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದಿಸುವಾಗ ಮಂಜುಳಾ ಅರಿವಿಲ್ಲದೆ ಎರಡು ಹಾಳೆ ಒಟ್ಟಿಗೆ ತಿರುವಿಹಾಕಿದಳು. ನೀಲಾ ನಿಲ್ಲಲಿಲ್ಲ. ತಿರುವಿಹೋದ ಪುಟದಲ್ಲಿ ಇದ್ದದ್ದನ್ನೇ, ಬೆರಳನ್ನು ಬೇರೆ ಸಾಲಿನ ಮೇಲೆ ಓಡಿಸುತ್ತ, ರಾಗವಾಗಿ ಹೇಳಿಕೊಂಡು ಹೋದಳು.

 ಪೇಢೆ ತಿಂದ ಓಣಿಯ ಬಾಯಿಗಳೆಲ್ಲ ಕಣ್ಣ ಮುಂದೆ ಬಂದವು. ಪಕ್ಕದ ಮನೆಯ ಪದ್ಮವ್ವ ಬಾಯಿಗೆ ಪೇಢೆ ಇಟ್ಟುಕೊಳ್ಳುತ್ತಲೇ "ನಮ್ಮ ಹುಡುಗೂರು ಪುಸ್ತಕ ಓದ್ತಾವ, ನಿಮ್ಮಾಕಿ ನೀರಿನಂಗ ಕುಡದ ಬಿಟ್ಲಲ್ಲವ್ವಾ" ಎಂದಿದ್ದಳು. ಆಗ ಅದು ಹೊಗಳಿಕೆಯೆಂದು ಮಂಜುಳಾ ತಿಳಿದಿದ್ದಳು, ಈಗ ಕುಟುಕಿನ ಹಾಗೆ ಕೇಳಿಸಿತು.

"ಬಾ ಇಲ್ಲಿ," ಎಂದಳು ಈಗ. ಹನ್ನೆರಡು ಚಿತ್ರಗಳೂ ಮುಚ್ಚಿದ್ದವು. ಅಂಟು ಹಸಿಯಾಗಿದ್ದರಿಂದ ಪುಟಗಳು ಉಬ್ಬಿಕೊಂಡಿದ್ದವು. "ಓದು."

ನೀಲಾ ಮೊದಲ ಪುಟ ಹೇಳಿದಳು. ಎರಡನೆಯದೂ ಹೇಳಿದಳು. ಮಂಜುಳಾ ಪುಸ್ತಕ ಕಸಿದು ನಡುವಿನದೊಂದು ಪುಟ ತೆರೆದಳು.

"ಇದು?"

ನೀಲಾ ಕಾಗದದ ಬಿಳಿ ಚೌಕ ನೋಡಿದಳು. ತಾಯಿಯ ಮುಖ ನೋಡಿದಳು. "ಮರಿ... ಮರಿ ಇಣುಕಿ ನೋಡಿತು."

"ಎಲ್ಲೈತಿ ಇಣುಕಿ? ತೋರಿಸು. 'ಇ' ಎಲ್ಲೈತಿ? ಗೋಡಿ ಮ್ಯಾಲೆ ನೂರ ಸಲ ತೋರಿಸೇನಿ, ಇಲ್ಲಿ ತೋರಿಸು!"

"ಮರಿ ಮನಿಗೆ ಓಡಿತು."

"ಊಹೆ ಹೇಳಬ್ಯಾಡ! ನೋಡಿ ಹೇಳು!"

"ಮರಿ..."

ಏಟು ಬಿತ್ತು. ಬೆನ್ನ ಮೇಲೆ, ಬಿಚ್ಚಿದ ಅಂಗೈಯಿಂದ. ಸದ್ದು ಮಂಜುಳಾಗೆ ಮೊದಲು ಕೇಳಿಸಿತು, ಆಮೇಲೆ ಕೈ ಉರಿಯಿತು. ನೀಲಾ ಅಳಲಿಲ್ಲ. ಎದ್ದಳು, ಚಪ್ಪಲಿ ಹಾಕಿಕೊಳ್ಳದೆ ಹಟ್ಟಿಯ ಕಡೆ ಓಡಿದಳು.

ಮಂಜುಳಾ ಕೂತೇ ಇದ್ದಳು. ಬೆನ್ನಿಗೆ ಕಾಗದ ಚುಚ್ಚಿದ ಟೀಚರಮ್ಮನನ್ನು ಅವಳು ಐದು ತಿಂಗಳಿಂದ ಮನಸ್ಸಿನಲ್ಲೇ ದಿನಾ ಬೈಯುತ್ತಿದ್ದಳು. ಬೈಗುಳಗಳೆಲ್ಲ ಬಾಯಿಗೆ ರೂಢಿಯಾಗಿ ಹೋಗಿದ್ದವು. ಈಗ ಅವನ್ನು ಯಾರಿಗೆ ಬೈಯಬೇಕು ಎಂದು ತಿಳಿಯಲಿಲ್ಲ. ಅಂಟಿನ ಬಟ್ಟಲನ್ನು ಎತ್ತಿ ಗೋಡೆಗೆ ಒಗೆದಳು. ಅದು ಸ್ಟೀಲಿನದು, ಒಡೆಯುವ ಸಮಾಧಾನವನ್ನೂ ಕೊಡಲಿಲ್ಲ. ಉರುಳಿ ಬಂದು ಅವಳ ಕಾಲ ಬಳಿಯೇ ನಿಂತಿತು.

ಹೊತ್ತು ಇಳಿಯುವ ಮೊದಲು ಮಗಳನ್ನು ಹುಡುಕಿಕೊಂಡು ಹೊರಟಳು. ಹಟ್ಟಿ ಖಾಲಿಯಿತ್ತು. ಒಂದು ಕಾಲಕ್ಕೆ ನೂರರ ಮೇಲೆ ಕುರಿ ಇದ್ದ ಮನೆ. ಹೊಲ ನೀರಾವರಿಯಾದ ಮೇಲೆ ಹನ್ನೊಂದು ಉಳಿದಿದ್ದವು. ಅವನ್ನೂ ಮಾರುವ ಮಾತು ಎತ್ತಿದಾಗಲೆಲ್ಲ ಬಾಯವ್ವ ಊಟ ಬಿಡುತ್ತಿದ್ದಳು. ಸಂಜೆಗೆ ಕಾಲುವೆಯ ಕಡೆ ನೀರಿಗೆ ಹೊಡೆದುಕೊಂಡು ಹೋಗುವುದು ವಾಡಿಕೆ.

ಮಂಜುಳಾ ಕಾಲುವೆಯ ಏರಿ ಹತ್ತಿದಾಗ ಕೆಳಗೆ ಗದ್ದಲ ನಡೆದಿತ್ತು. ಅದೇ ಹೊತ್ತಿಗೆ ಊರಿನ ಇನ್ನೊಬ್ಬ ಕುರಿಗಾರ ಮಾಳಪ್ಪನ ನಲವತ್ತು ಕುರಿಯೂ ನೀರಿಗೆ ಬಂದು ಎರಡು ಹಿಂಡು ಒಂದರೊಳಗೊಂದು ಕಲೆತುಹೋಗಿದ್ದವು. ಮಾಳಪ್ಪ ಏರಿಯ ಮೇಲೆ ಕಂಬಳಿ ಹಾಸಿಕೊಂಡು ಎಲೆಯಡಿಕೆ ಹಾಕುತ್ತ ಕೂತಿದ್ದ. ಬಾಯವ್ವ ದೂರ ನಿಂತಿದ್ದಳು. ಹಿಂಡಿನ ನಡುವೆ ನೀಲಾ ಒಬ್ಬಳೇ.

"ಇದು ನಮ್ದು. ಇದು ನಮ್ದು. ಏ, ನೀ ಆ ಕಡೆ ಹೋಗು. ನೀ ಕಾಕಾಂದು."

ಮುಟ್ಟುತ್ತ, ತಳ್ಳುತ್ತ, ಒಂದಾದ ಮೇಲೊಂದು ಬೇರೆ ಮಾಡುತ್ತಿದ್ದಳು. ನಿಲ್ಲುತ್ತಿರಲಿಲ್ಲ. ಮಂಜುಳಾ ಈ ಮನೆಗೆ ಬಂದು ಏಳು ವರ್ಷವಾಗಿದ್ದರೂ ಅವಳ ಕಣ್ಣಿಗೆ ಐವತ್ತೊಂದೂ ಒಂದೇ ಕರಿಯ ಉಣ್ಣೆ, ಒಂದೇ ಜೋತ ಕಿವಿ. ಒಂದು ಕುರಿಯ ಮುಂದೆ ಮಾತ್ರ ನೀಲಾ ತಡೆದಳು. ತಲೆ ಓರೆ ಮಾಡಿ ಅದರ ಮುಖ ನೋಡಿದಳು. ಅದರ ಎಡಗಿವಿ ಹಿಡಿದು ತುದಿ ಮಡಿಸಿದಳು. ಎಳೆಯ ಮರಿ ಇದ್ದಾಗ ಗುರುತಿಗೆಂದು ಒಬ್ಬೊಬ್ಬರು ಕಿವಿಯನ್ನು ಒಂದೊಂದು ಥರ ಕಚ್ಚು ಕೊಯ್ದಿರುತ್ತಾರೆ. ಬಾಯವ್ವನ ಮನೆಯದು ಒಂದೇ ಕಚ್ಚು.

"ಎರಡ ಕಚ್ಚ ಅದಾವ. ನಮ್ದಲ್ಲ!" ಎಂದು ಕೂಗಿ ಅದನ್ನು ಆಚೆ ನೂಕಿದಳು.

ಮಾಳಪ್ಪ ಮಂಜುಳಾಳ ಕಡೆ ನೋಡಿ ನಕ್ಕ. "ಬಾರವ್ವಾ ಅಕ್ಕೋರ. ನಾ ಒಂದ ಕುರಿ ಹೆಚ್ಚಿಗೆ ಹೊಡಕೊಂಡು ಹೋಗೂನಂತ ಸುಮ್ಮ ಕುಂತಿದ್ದೆ. ಈ ಪೋರಿ ಬಿಡವಲ್ಲದು."

ಮಂಜುಳಾ ಇಳಿದು ಹೋಗಿ ಮಗಳ ಎದುರು ಕುಕ್ಕರಗಾಲಲ್ಲಿ ಕೂತಳು. ನೀಲಾ ಒಂದು ಹೆಜ್ಜೆ ಹಿಂದೆ ಸರಿದಳು. ಆ ಒಂದು ಹೆಜ್ಜೆ ಮಂಜುಳಾಗೆ ಚುಚ್ಚಿತು.

"ಹೊಡ್ಯಾಂಗಿಲ್ಲ. ಒಂದ ಮಾತ ಕೇಳತೇನಿ. ಇವು ನಮ್ಮವು ಅಂತ ಹೆಂಗ ಗೊತ್ತಾತು?"

"ಮಾರಿ ನೋಡಿದ್ರ ಗೊತ್ತಾಕ್ಕತಿ."

"ಮತ್ತ ಅದರ ಕಿವಿ ಯಾಕ ಹಿಡದಿ?"

"ಅದರ ಮಾರಿ ನಮ್ಮ ಗೌರಿ ಹಂಗ ಐತಿ. ಅದಕ್ಕ ಕಿವಿ ನೋಡಿದೆ."

"ಎಲ್ಲಾದರ ಕಿವೀನೂ ಹಿಡದ ನೋಡಿದ್ರ?"

ನೀಲಾಗೆ ನಗು ಬಂತು. ಇಷ್ಟು ದೊಡ್ಡವಳು ಇಂಥ ದಡ್ಡ ಪ್ರಶ್ನೆ ಕೇಳುತ್ತಾಳಲ್ಲ ಎಂಬ ನಗು. "ಹೊತ್ತ ಮುಳುಗ್ತೈತವ್ವಾ!"

ಬಾಯವ್ವ ಕೋಲು ಊರಿಕೊಂಡು ಹತ್ತಿರ ಬಂದಳು. "ನಾ ಕಲಿಸೇನಿ ಆಕಿಗೆ. ಮೊದಲ ಮಾರಿ, ಅನುಮಾನ ಬಂದ್ರ ಕಿವಿ. ಕಿವಿ ಒಂದನ್ನ ಕಲತಾಂವ ಕುರಿ ಕಾಯಂಗಿಲ್ಲ. ಮಾರಿ ಒಂದನ್ನ ಕಲತಾಂವ ಮಂದಿ ಕುರಿ ಹೊಡಕೊಂಡ ಬರ್ತಾನ, ಪಂಚೇತಿ ಮಾಡಕೋತಾನ." ಆಮೇಲೆ ದನಿ ಇಳಿಸಿ, "ಬೆನ್ನ ಮ್ಯಾಲೆ ನಿನ್ನ ಕೈಯ ಐದೂ ಬಳ್ಳ ಮೂಡ್ಯಾವ. ನಾಳೆ ಇನ್ನೊಮ್ಮೆ ಮೂಡಿದ್ರ ನಿನ್ನ ಬೆನ್ನ ಮ್ಯಾಲೆ ನನ್ನ ಕೈಯಾನ ಬಡಗಿ ಮೂಡ್ತೈತಿ, ನೆನಪಿಟಗೋ," ಎಂದಳು.

ಆ ಮಾತಿಗೆ ಮಂಜುಳಾಗೆ ಸಿಟ್ಟು ಬರಲಿಲ್ಲ. ಮೊದಲನೆಯ ಮಾತಿಗೆ ಬಂತು. ಎರಡು ವರ್ಷ ಓದಿ, ಪಾಠ ಯೋಜನೆ ಬರೆದು ಬರೆದು ಕೈ ನೋಯಿಸಿಕೊಂಡವಳು ತಾನು. ಅಷ್ಟು ದಪ್ಪ ಪುಸ್ತಕಗಳಲ್ಲಿ ಈ ಮಾತನ್ನು ಇಷ್ಟು ಸಣ್ಣದಾಗಿ ಯಾರೂ ಹೇಳಿರಲಿಲ್ಲ, ಹೇಳಿದ್ದರೂ ಅವಳ ಕಿವಿಗೆ ಬಿದ್ದಿರಲಿಲ್ಲ. ಹೆಬ್ಬೆಟ್ಟಿನ ಅತ್ತೆ ಕಾಲುವೆಯ ಕೆಸರಲ್ಲಿ ನಿಂತು ಹೇಳಿಬಿಟ್ಟಳು. ಮಗಳು ಮೋಸ ಮಾಡಿರಲಿಲ್ಲ. ರಾಗದ ನೆನಪಿನಲ್ಲಿ, ಪುಟದ ಮುಖ ನೋಡಿ ಗುರುತು ಹಿಡಿದಿದ್ದಳು. ಚಿತ್ರ ಮುಚ್ಚಿದಾಗ ಹಿಂಡಿಗೆ ಹಿಂಡೇ ಮುಖ ಮುಚ್ಚಿಕೊಂಡು ನಿಂತಂತಾಗಿತ್ತು. ತಾನು ಐದು ತಿಂಗಳು ಒಂದೊಂದು ಅಕ್ಷರದ ಕಿವಿ ಹಿಡಿಸಿದ್ದೇ ಹಿಡಿಸಿದ್ದು. ಬರೆದ ಇಡೀ ಮಾತಿಗೂ ಒಂದು ಮುಖವಿರುತ್ತದೆ ಎಂದು ತೋರಿಸಿರಲೇ ಇಲ್ಲ.

ಶನಿವಾರ ಬೆಳಿಗ್ಗೆ ಗೋಡೆಯ ಮೇಲಿನ ಚೀಟಿಗಳನ್ನೆಲ್ಲ ಇಳಿಸಿದಳು. ಅವುಗಳ ಬೆನ್ನ ಮೇಲೆ ಇಡೀ ಮಾತುಗಳನ್ನು ಬರೆದಳು. ಮರಿ, ಬಾವಿ, ಬಂತು, ಹತ್ತಿರ, ನೋಡಿತು, ಮನೆ, ಅಜ್ಜಿ. ಪುಸ್ತಕದಲ್ಲಿ ಇದ್ದವು ಕೆಲವು, ಇಲ್ಲದ್ದು ಕೆಲವು. ಅಂಗಳದ ತುಂಬ ಚದುರಿಸಿದಳು.

"ಇವು ಹಿಂಡು. ಒಂದೊಂದರ ಹೆಸರ ಹೇಳತೇನಿ, ಮಾರಿ ನೋಡಿಟ್ಕೊ."

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ನೀಲಾ ಹದಿನಾರು ಮಾತುಗಳನ್ನು ಓಡಾಡುತ್ತ ಎತ್ತಿ ತಂದಳು. 'ಮರಿ' ಮತ್ತು 'ಮರ' ಎದುರಾದಾಗ ನಿಂತಳು. ಮಂಜುಳಾಳ ಬಾಯಿಗೆ ಬೈಗುಳ ಬಂತು, ಹಲ್ಲಿನ ಹಿಂದೆ ತಡೆದು ಹಿಡಿದಳು. ಕಟ್ಟೆಯ ಮೇಲೆ ಕೂತ ಬಾಯವ್ವ "ಕಿವಿ ನೋಡ" ಎಂದಳು. ನೀಲಾ ಬಗ್ಗಿ, ಕೊನೆಯ ಅಕ್ಷರದ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸಿ, ಸರಿಯಾದದ್ದನ್ನು ಎತ್ತಿಕೊಂಡಳು. ಐದು ತಿಂಗಳು ಕಲಿಸಿದ ಸದ್ದುಗಳು ವ್ಯರ್ಥವಾಗಿರಲಿಲ್ಲ. ಎಲ್ಲಿ ಬಳಸಬೇಕೆಂದು ಅವಳಿಗೆ ಈಗ ಗೊತ್ತಾಗಿತ್ತು.

ಊಟವಾದ ಮೇಲೆ ಮಂಜುಳಾ ನೋಟುಬುಕ್ಕಿನಲ್ಲಿ ಒಂದು ಸಾಲು ಬರೆದು ಮಗಳ ಮುಂದೆ ಸರಿಸಿದಳು. ಪುಸ್ತಕದ್ದೇ ಮಾತುಗಳು, ಆದರೆ ಪುಸ್ತಕದಲ್ಲಿ ಎಲ್ಲೂ ಇಲ್ಲದ ಸಾಲು.

ನೀಲಾ ಬೆರಳಿಟ್ಟಳು. "ಬಾವಿ... ಮರಿ... ಮರಿಯ... ಹತ್ತಿರ ಬಂತು."

 ಇನ್ನೊಮ್ಮೆ ಮೊದಲಿಂದ ಬೆರಳು ಓಡಿಸಿದಳು. ಥಟ್ಟನೆ ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಬಾವಿ ಬಂತಂತ! ಅಜ್ಜೀ, ಕೇಳಿಲ್ಲಿ, ಬಾವಿ ನಡಕೋತ ಬಂತಂತ! ಬಾವಿಗೆ ಕಾಲ ಅದಾವೇನು!"

ಬಾಯವ್ವನೂ ನಕ್ಕಳು. ಮಂಜುಳಾ ನಗಲಾರದೆ ಎದ್ದು ಒಳಗೆ ಹೋಗಿ, ನೀರಿನ ಕೊಡದ ಎದುರು ಸ್ವಲ್ಪ ಹೊತ್ತು ನಿಂತು ಬಂದಳು. ಚಿತ್ರ ನೋಡಿ, ರಾಗ ಹಾಕಿ, ಬಾಯಿಪಾಠ ಮಾಡಿ ಯಾರು ಬೇಕಾದರೂ ಓದಿದ ಹಾಗೆ ಮಾಡಬಹುದು. ಬರೆದಿದ್ದರಲ್ಲಿರುವ ಹುಚ್ಚುತನಕ್ಕೆ ನಗಬೇಕಾದರೆ ಓದಿಯೇ ಇರಬೇಕು. "ಇನ್ನೊಂದು ಬರಿ, ಇನ್ನೊಂದು ಬರಿ" ಎಂದು ಹುಡುಗಿ ಸಂಜೆಯವರೆಗೆ ಬಿಡಲಿಲ್ಲ. ಅಜ್ಜಿ ಮರ ಹತ್ತಿದಳು, ಮನೆ ಓಡಿಹೋಯಿತು, ಬಾವಿ ನೀರು ಕುಡಿಯಿತು. ಒಂದೊಂದಕ್ಕೂ ನಕ್ಕಳು.

ರವಿವಾರ ಹನ್ನೊಂದಕ್ಕೆ ಕಾಡಪ್ಪ ಬಂದ. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಒಂದು ಫೈಲು. ಭೀಮಶಿ ಓಡಿಹೋಗಿ ಕಾರಿನ ಬಾಗಿಲು ತೆರೆದ. "ಬರ್ರಿ ಸಾಹೇಬ್ರ, ಕುಂದರ್ರಿ," ಎಂದು ಪದ್ಮವ್ವನ ಮನೆಯಿಂದ ತಂದ ಖುರ್ಚಿಯನ್ನು ಹೆಗಲ ಮೇಲಿನ ಟಾವೆಲ್ಲಿನಿಂದ ಒರೆಸಿದ. ಮಂಜುಳಾ ಅದನ್ನು ನೋಡಿದಳು. ಆ ಟಾವೆಲ್ಲನ್ನು ಅವಳೇ ಒಗೆದಿದ್ದಳು.

"ಏನ್ ತಂಗಿ, ನಮ್ಮ ಸಾಲಿ ಬಿಡಿಸಿ ನೀನ ಒಂದು ಸಾಲಿ ತಗದೀದಿಯಂತ?" ಎಂದ ಕಾಡಪ್ಪ, ಚಹಾ ಊದಿ ಕುಡಿಯುತ್ತ. "ಛಲೋ ಆತು. ನಮಗೂ ಒಂದು ಕಾಂಪಿಟೇಶನ್ ಇರ್ಲಿ."

ಭೀಮಶಿ ಗಟ್ಟಿಯಾಗಿ ನಕ್ಕ. ಬೇರೆ ಯಾರೂ ನಗಲಿಲ್ಲ.

ಮಂಜುಳಾ ಚಿತ್ರ ಮುಚ್ಚಿದ ಪುಸ್ತಕ ತರಲು ಏಳಹೋದಳು. ಕಾಡಪ್ಪ ಕೈ ಅಡ್ಡ ಹಿಡಿದ. "ಅದು ಬ್ಯಾಡ. ಅದನ್ನ ಆಕಿ ಬಾಯಿಪಾಠ ಮಾಡಿರ್ತಾಳ. ನಾ ತಂದೇನಿ." ಫೈಲಿನಿಂದ ಹೊಸ ವಾಸನೆಯ ಪುಸ್ತಕವೊಂದನ್ನು ತೆಗೆದು ನಡುವಿನ ಪಾಠ ತೆರೆದ. ಚಿತ್ರ ಒಂದೇ ಇತ್ತು, ಮೂಲೆಯಲ್ಲಿ, ಸಣ್ಣದು. ಇನ್ನೊಂದು ಕೈಯಲ್ಲಿ ಫೋನು ಎತ್ತಿ ಹಿಡಿದ. "ಓದು ಪುಟ್ಟಿ."

"ಫೋನ್ ಯಾಕ್ರಿ?" ಎಂದಳು ಮಂಜುಳಾ.

"ಇರ್ಲಿ ತಂಗಿ, ನೆನಪಿಗೆ."

ನೀಲಾ ಪುಟದ ಮೇಲೆ ಬೆರಳಿಟ್ಟಳು.  ಭೀಮಶಿ ಕೆಮ್ಮಿದ. ಮಂಜುಳಾ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಬಿಗಿಯಾಗಿ ಹಿಡಿದುಕೊಂಡಳು. ಹುಡುಗಿಯ ಕಣ್ಣು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗಿ ಮರಳಿ ಬಂತು, ಹಿಂಡಿನಲ್ಲಿ ಪರಿಚಯದ ಮುಖ ಹುಡುಕುವ ಹಾಗೆ.

"ಮಳೆ ಬಂತು," ಎಂದಳು. ಆಮೇಲೆ ಬೆರಳು ನಿಧಾನವಾಯಿತು. "ಕೆ... ರೆ. ಕೆರೆ. ತುಂ... ತುಂಬಿ... ತು. ಕೆರೆ ತುಂಬಿತು." ಉಸಿರು ಎಳೆದುಕೊಂಡಳು. "ಕಪ್ಪೆ ಕೂ... ಕುಣಿತು."

"ಕೂಗಿತು," ಎಂದ ಕಾಡಪ್ಪ.

ನೀಲಾ ಮತ್ತೆ ಬಗ್ಗಿ ನೋಡಿದಳು. "ಹೌದು. ಕೂಗಿತು," ಎಂದು ಅವನಿಗೆ ಪರವಾನಗಿ ಕೊಟ್ಟಳು. "ಎಲೆಯ ಮೇಲೆ ಕು...ಳಿತು ಕೂಗಿತು."

ಬಾಯವ್ವ ಕಟ್ಟೆಯ ಮೇಲಿಂದ "ಶಾಣ್ಯಾಕಿ, ನಮ್ಮವ್ವಾ," ಎಂದಳು. ಭೀಮಶಿಯ ಮುಖ ಅರಳಿತು. ಎದ್ದು ಬಂದು ಮಗಳನ್ನು ಎತ್ತಿಕೊಂಡ. ಮಂಜುಳಾ ಗಂಡನನ್ನೇ ನೋಡುತ್ತಿದ್ದಳು. ಕರಾರು ಅವನ ಬಾಯಿಂದಲೇ ಬಂದಿತ್ತು, ಈಗ ಅವನೇ ಹೇಳಲಿ ಎಂದು ಕಾದಳು.

ಮಾತಾಡಿದವನು ಕಾಡಪ್ಪ. ಫೋನಿನಲ್ಲಿ ಏನನ್ನೋ ಒತ್ತುತ್ತ, "ಶಾಭಾಸ್! ಹುಡಿಗಿ ತಯಾರ್ ಆಗೇತಿ. ಇನ್ನ ಜೂನ್ ತಿಂಗಳಾಗ ಸಾಲಿಗೆ ಕಳಿಸಾಕ ಏನೂ ಅಡಚಣಿ ಇಲ್ಲ," ಎಂದ. "ಮೊದಲ ಓದಾಕ ಬರ್ತಿರಲಿಲ್ಲ, ಅದಕ್ಕ ಆಕಿಗೂ ತ್ರಾಸ, ನಮ್ಮ ಟೀಚರಿಗೂ ತ್ರಾಸ. ಈಗ ಎಲ್ಲಾರ ಸರಿಜೋಡಿ ಕುಂದರ್ತಾಳ. ಈ ವಿಡಿಯೋ ಸಾಲಿ ಗ್ರೂಪಿಗೆ ಹಾಕತೇನಿ. ನಮ್ಮ ವಿದ್ಯಾರ್ಥಿನಿ ಹೆಂಗ ಓದ್ತಾಳ ನೋಡ್ರಿ ಅಂತ."

"ನಿಮ್ಮ ವಿದ್ಯಾರ್ಥಿನಿ?" ಎಂದಳು ಮಂಜುಳಾ.

"ಹಾಜರಿ ಪುಸ್ತಕದಾಗ ಆಕಿ ಹೆಸರ ನಾ ತಗದಿಲ್ಲ ತಂಗಿ. ಅಷ್ಟ ಅಂತಃಕರಣ ನನಗೂ ಐತಿ."

ಮಂಜುಳಾ ಗಂಡನ ಕಡೆ ತಿರುಗಿದಳು. "ಏನ್ ಕರಾರ ಆಗಿತ್ರಿ? ಓದಿದ್ರ ಮನ್ಯಾಗ ಇರ್ತಾಳ ಅಂದಿದ್ರಿ."

"ಹ್ಞೂಂ, ಅಂದಿದ್ದೆ." ಭೀಮಶಿ ಮಗಳನ್ನು ಕೆಳಗಿಳಿಸಿದ. "ಆದ್ರ ಈಗ ಓದಾಕ ಬಂತಲ್ಲ. ಇನ್ನ ಮನ್ಯಾಗ ಏನ್ ಕೆಲಸ ಐತಿ? ನೀನ ವಿಚಾರ ಮಾಡು."

"ಓದಲಿಲ್ಲಂದ್ರ ಸಾಲಿ. ಓದಿದ್ರೂ ಸಾಲಿ. ಹಂಗಿದ್ರ ನನ್ನ ಕೂಸಿನ ಕಡಿಂದ ಯಾಕ ಓದಿಸಿದ್ರಿ?"

"ದನಿ ಇಳಸು. ಸಾಹೇಬ್ರ ಮುಂದ."

"ಇಳಸಂಗಿಲ್ಲ."

ಕಾಡಪ್ಪ ನಗುತ್ತ ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿದ. ಜಗಳ ಬಿಡಿಸುವುದು ಪೇಟೆಯಲ್ಲಿ ಅವನ ದಿನದ ಕೆಲಸ. ಎರಡೂ ಕಡೆಯವರನ್ನು ಕೂಗಾಡಲು ಬಿಟ್ಟು ಕೊನೆಗೆ ತನ್ನ ದರ ಹೇಳುವುದು ಅವನಿಗೆ ಗೊತ್ತು. "ಪೂರ್ತಿ ಕೇಳ ತಂಗಿ. ನಾ ಬರಿಗೈಲೆ ಬಂದಿಲ್ಲ. ಹುಡುಗಿಗೆ ಫೀ ಇಲ್ಲ. ನಿನಗೂ ಒಂದು ನೌಕರಿ. ಒಂದನೇ ಕ್ಲಾಸಿನ ಕನ್ನಡ ಟೀಚರ್ ಜಾಗಾ ಖಾಲಿ ಐತಿ. ಆ ಮೊದಲಿನ ಟೀಚರ್‌ನ ನಾ ತಗದೇನಿ. ನೀ ಡಿ.ಎಡ್. ಆಗಿ ಮನ್ಯಾಗ ರೊಟ್ಟಿ ಬಡಕೋತ ಕುಂದರಾಕಿ ಅಲ್ಲ. ನಿನ್ನ ಮಗಳು ನಿನ್ನ ಕಣ್ಣ ಮುಂದ ಇರ್ತಾಳ. ಇನ್ನೇನ ಬೇಕು?"

ಫೈಲಿನಿಂದ ಟೈಪು ಮಾಡಿದ ಹಾಳೆಯೊಂದನ್ನು ತೆಗೆದು, ಕಿಸೆಯ ಪೆನ್ನನ್ನು ಅದರ ಮೇಲಿಟ್ಟು ಮುಂದೆ ಸರಿಸಿದ. "ಸವದತ್ತಿ ಆಫೀಸಿಗೆ ಒಂದು ಕಾಗದ ಅಷ್ಟ. ತಪ್ಪು ತಿಳುವಳಿಕಿ ಆಗಿತ್ತು, ದೂರು ವಾಪಸ್ ತಗೋತೇನಿ, ಅಂತ. ಹುಡುಗೂರು ಆಟಕ್ಕ ಹಚ್ಚಿದ್ದು ಅದು."

ನೌಕರಿ. ಏಳು ವರ್ಷ ಅರ್ಜಿ ಹಾಕಿ ಹಾಕಿ ಸಿಗದಿದ್ದ ಮಾತು. ಅವಳೇ ಹಾಜರಿ ಕರೆಯುವ ಒಂದು ಕೋಣೆ, ನೆಲದ ಮೇಲೆ ಮಾತುಗಳ ಹಿಂಡು ಹರಡಿದ ನಲವತ್ತು ಮಕ್ಕಳು, ಒಂದು ಕ್ಷಣ ಮಂಜುಳಾಗೆ ನಿಚ್ಚಳವಾಗಿ ಕಂಡರು. ಬೇಡವೆನ್ನಿಸಲಿಲ್ಲ. ಬೇಕೆನ್ನಿಸಿತು. ಆ ಕೋಣೆಗೆ ಹೋಗುವ ಬಾಗಿಲಲ್ಲಿ ಈ ಹಾಳೆ ಇತ್ತು. ಹುಡುಗರು ಆಟಕ್ಕೆ ಹಚ್ಚಿದ್ದು ಎಂದು ಅವಳ ಕೈಯಿಂದಲೇ ಬರೆಸಿಕೊಳ್ಳುತ್ತದೆ, ಆಮೇಲೆ ಅವಳು ಅದೇ ಬಾಯಿಂದ ಮಕ್ಕಳಿಗೆ ಓದಲು ಕಲಿಸಬೇಕು.

"ಸಹಿ ಮಾಡ," ಎಂದ ಭೀಮಶಿ, ದನಿಯಲ್ಲಿ ಬೇಡಿಕೆಯಿತ್ತು. "ಇಂಥಾ ದೈವ ಮನಿ ಬಾಗಿಲಿಗೆ ಬರಂಗಿಲ್ಲ. ಅವ್ವಾ, ನೀನರ ಹೇಳ ಆಕಿಗೆ."

ಬಾಯವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ನನಗ ಓದಾಕ ಬರಂಗಿಲ್ಲಪ್ಪಾ. ಬರೂವಾಕೀನ ಕೇಳು," ಎಂದಳು.

ಮಂಜುಳಾ ಹಾಳೆಯನ್ನು ಕೈಗೆತ್ತಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಅವಸರ ಮಾಡಲಿಲ್ಲ. ಓದಿ ಮುಗಿಸಿ, ಅದನ್ನು ಕಾಡಪ್ಪನ ಫೈಲಿನೊಳಗೆ ಇಟ್ಟಳು. ಅದರ ಮೇಲೆ ಅವನ ಪುಸ್ತಕ ಇಟ್ಟಳು, ಪುಸ್ತಕದ ಮೇಲೆ ಪೆನ್ನು ಇಟ್ಟಳು.

"ಮೊದಲ ಆ ವಿಡಿಯೋ ಅಳಸ್ರಿ," ಎಂದಳು.

"ಅಲ್ಲ ತಂಗಿ, ನೌಕರಿದ್ದು ಏನಂತಿ?"

"ಮಾಡಂಗಿಲ್ಲ."

"ಸಿಟ್ಟಿನ್ಯಾಗ ಹೇಳಬ್ಯಾಡ. ನಾಕ್ ದಿನ ತಗೋ, ವಿಚಾರ ಮಾಡು."

"ಸಿಟ್ಟಿನ್ಯಾಗ ಹೇಳಾಕತ್ತೇನಿ. ನಾಕ್ ದಿನ ಬಿಟ್ಟ ಬಂದ್ರೂ ಸಿಟ್ಟಿನ್ಯಾಗ ಹೇಳತೇನಿ. ನೌಕರಿ ಬ್ಯಾಡ. ಸಹಿ ಮಾಡಂಗಿಲ್ಲ. ಮಗಳನ್ನ ಕಳಸಂಗಿಲ್ಲ."